ಮಹಾಂತಯ್ಯನವರ ಕೋಟು

ಬೆನ್ನಿಗೆ ಹಸಿರು ತೇಪೆಯಿದ್ದ ಹಳದಿ ಕೋಟು ಇಡೀ ಹುಬ್ಬಳ್ಳಿಯಲ್ಲಿ ಒಂದೇ ಒಂದು. ಅದು ಅರಳೆ ಪ್ರೆಸ್ಸಿನ ಕಾರಕೂನ ಮಹಾಂತಯ್ಯನವರದು. ಓಣಿಯ ಜನ ಮೊದಲು ಕೋಟಿಗೆ ನಮಸ್ಕಾರ ಮಾಡಿ, ಆಮೇಲೆ ಒಳಗೆ ಮಹಾಂತಯ್ಯ ಇದ್ದಾರೋ ಇಲ್ಲವೋ ಎಂದು ನೋಡುತ್ತಿದ್ದರು. ಅಂಥ ಕೋಟನ್ನು ಅವರು ಅಂದು ಸೆಕೆಯೆಂದು ಮನೆಯಲ್ಲಿ ಬಿಟ್ಟುಹೋದದ್ದೇ ತಪ್ಪಾಯಿತು.

ಅವರ ಬಾಡಿಗೆ ಮನೆಯ ಎದುರಿಗೆ ಹೊಸ ಚಾಳೊಂದು ಏಳುತ್ತಿತ್ತು. ಗಂಡನಿಲ್ಲದೆ ಮಿಲ್ಲಿನಲ್ಲಿ ದುಡಿಯುವ ಹೆಣ್ಣುಮಕ್ಕಳಿಗೆ ಅಗ್ಗದ ಕೋಣೆಗಳು, ಕೂಸುಗಳನ್ನು ನೋಡಿಕೊಳ್ಳಲು ಒಬ್ಬ ಆಯಾ, ಬೇನೆ ಬಂದರೆ ಒಬ್ಬ ನರ್ಸಬಾಯಿ. ಮಹಿಳಾ ಮಂಡಳದ ಅಕ್ಕವ್ವನವರು ಮನೆಮನೆ ತಿರುಗಿ ವರ್ಗಣಿ ಎತ್ತಿ ಕಟ್ಟಿಸುತ್ತಿದ್ದರು. ಓಣಿಗೆ ಇದು ಸೇರಿರಲಿಲ್ಲ. ಎಲ್ಲರಿಗಿಂತ ಜೋರಾಗಿ ಕೂಗಾಡುತ್ತಿದ್ದವರು ಮಹಾಂತಯ್ಯನವರ ಮನೆಯ ಮಾಲೀಕ, ಅಡತಿ ವ್ಯಾಪಾರಿ ಮಡಿವಾಳಪ್ಪ ಸಾವಕಾರರು.

"ಆ ಕಟ್ಟಡಕ್ಕ ಕಾಲಿಟ್ಟವ ನನ್ನ ಮನ್ಯಾಗ ಇರಾಂಗಿಲ್ಲ!" ಎಂದು ಅವರು ಸಾರಿಬಿಟ್ಟಿದ್ದರು. ಮಹಾಂತಯ್ಯ ಸಾವಕಾರರ ಮುಂದೆ "ಖರೇರಿ" ಎನ್ನುತ್ತಿದ್ದರು. ಅಕ್ಕವ್ವನವರು ಎದುರಾದರೆ "ಪುಣ್ಯೇದ ಕೆಲಸರಿ" ಎನ್ನುತ್ತಿದ್ದರು. ಹೇಗೋ ದಿನ ಸಾಗಿತ್ತು.

ಅಂದು ಸಂಜೆ ಮಹಾಂತಯ್ಯ ಓಣಿಗೆ ಕಾಲಿಟ್ಟ ಕೂಡಲೇ ಪಕ್ಕದ ಮನೆಯ ಮುರಿಗೆವ್ವ ಅವರನ್ನು ತಡೆದಳು.

"ಅಯ್ಯನವರ, ಅಂಥಾ ಬಿಸಲಾಗ ಚಾಳಿನ ಗ್ವಾಡಿ ಮ್ಯಾಲ ಕೈ ಚಾಚಿ ನಿಂತಿದ್ರೆಲ್ಲಾ, ತಲಿ ತಿರಗಲಿಲ್ಲೇನ್ರಿ?"

"ನಾನಾ?"

"ಮತ್ತ ನಿಮ್ಮ ಕೋಟ ಬ್ಯಾರೆ, ನೀವು ಬ್ಯಾರೆ ಏನು?"

ಮನೆಯ ಮುಂದೆ ಅವರ ಟ್ರಂಕು, ಹಾಸಿಗೆ, ಒರಳು ಎಲ್ಲ ಬೀದಿಗೆ ಬಂದು ಕುಳಿತಿದ್ದವು. ನಡುವೆ ಸಾವಕಾರರು ಕಾದ ಹೆಂಚಿನಂತೆ ನಿಂತಿದ್ದರು.

"ಅಯ್ಯನವರ, ಗಂಟಲಾ ಹರಕೊಂಡ ಕರದೇನಿ. ತಿರಗಿ ಸೈತ ನೋಡಲಿಲ್ಲ ನೀವು! ಸಾವಕಾರ ಕರದ್ರ ಬೆನ್ನ ತೋರಸ್ತೀರೇನು? ನಡೀರಿ, ಮನಿ ಖಾಲಿ ಮಾಡ್ರಿ!"

ಬಾಗಿಲ ಮರೆಯಿಂದ ಹೆಂಡತಿ ಬಾಳವ್ವನ ಅಳುದನಿ ಬಂತು. "ಅದು ಇವರಲ್ಲರಿ ಯಪ್ಪಾ. ಗ್ವಾಡಿಗೆ ದೃಷ್ಟಿ ತಾಕತೈತಿ, ಗೊಂಬಿ ನಿಲ್ಲಸಬೇಕು, ಹಳೇದೊಂದು ಅಂಗಿ ಕೊಡ್ರಿ ಅಂತ ಗೌಂಡಿ ಫಕ್ರುಸಾಬ ಬಂದಿದ್ದ. ನಮ್ಮನ್ಯಾಗ ಆ ಕೋಟಿಗಿಂತ ಹಳೇದು ಏನೈತಿ? ಕೊಟ್ಟೆರಿ."

ಸಾವಕಾರರು ಹುಬ್ಬು ಗಂಟಿಕ್ಕಿದರು. "ಗೊಂಬಿ? ಓಣಿ ಮಂದೀನ್ನ ಕರಕೊಂಡ ಬಂದು ನೋಡ್ತೀನಿ. ಅದು ಗೊಂಬಿ ಇದ್ರ ನೀವು ಮನ್ಯಾಗ, ಇಲ್ಲಾಂದ್ರ ಓಣ್ಯಾಗ."

ಅವರು ಜನರನ್ನು ಕೂಡಿಸಲು ಹೋದರು. ಮಹಾಂತಯ್ಯನವರಿಗೆ ಸುಮ್ಮನೆ ನಿಲ್ಲಲು ಆಗಲಿಲ್ಲ. ಚಾಳಿನ ಗೋಡೆಯ ಮೇಲೆ ಗೊಂಬೆ ಬೀದಿಗೆ ಬೆನ್ನು ಮಾಡಿ ನಿಂತಿತ್ತು. ಹಸಿರು ತೇಪೆ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಅದರ ಗಡಿಗೆಯ ಮೋರೆ ಬೀದಿಗೆ ಕಾಣುವಂತಿದ್ದರೆ ಅನುಮಾನವೇ ಉಳಿಯುವುದಿಲ್ಲವೆಂದು ಅವರು ಏಣಿ ಹತ್ತಿ ಗೊಂಬೆಯನ್ನು ತಿರುಗಿಸಹೋದರು. ಗಡಿಗೆ ಜಾರಿ ಗೋಡೆಯ ಆಚೆ ಬದಿಗೆ ಬಿತ್ತು. ಅದರ ಹಿಂದೆ ಹುಲ್ಲು, ಬಿದಿರು ಎಲ್ಲ ಉರುಳಿದವು. ಕೋಟು ಮಾತ್ರ ಕೈಯಲ್ಲಿ ಉಳಿಯಿತು.

"ಯಾ ಅಲ್ಲಾ! ಸಾವಕಾರ್ರು ಬಂದ್ರರಿ!" ಎಂದ ಕೆಳಗಿದ್ದ ಫಕ್ರುಸಾಬ.

"ನನ್ನ ಮನಿ ಹೋತಲ್ಲೋ ಫಕ್ರುಸಾಬ!"

"ಕೋಟ ಹಾಕ್ಕೋರಿ. ಉಸರ ಬಿಡಬ್ಯಾಡ್ರಿ."

ಫಕ್ರುಸಾಬ ಸರಸರನೆ ಮೇಲೇರಿ ಅವರ ಮೋರೆಗೆ ಸುಣ್ಣ ಬಳಿದು, ಇದ್ದಿಲಿನಿಂದ ಮೀಸೆ ತಿದ್ದಿ, ಕಾಲಿಗೆ ಗೋಣಿಚೀಲ ಸುತ್ತಿ ಇಳಿದ. ಮಹಾಂತಯ್ಯ ಎರಡೂ ಕೈ ಚಾಚಿ ನಿಂತರು. ಓಣಿಗೆ ಓಣಿಯೇ ಕೆಳಗೆ ಬಂದು ಕತ್ತೆತ್ತಿತು.

ಸಾವಕಾರರು ಬಡಿಗೆ ಎತ್ತಿ ಗೊಂಬೆಯ ಕಾಲಿಗೆ ಒಂದು ಬಿಟ್ಟರು. ಮಹಾಂತಯ್ಯನವರ ಜೀವ ಕಣ್ಣಿಗೆ ಬಂತು.

"ಬಿದಿರ ಐತಿ," ಎಂದರು ಸಾವಕಾರರು.

"ಮಾರಿ ಥೇಟ ಅಯ್ಯನವರದ ಮಾಡ್ಯಾನ ನೋಡ್ರಿ," ಎಂದಳು ಮುರಿಗೆವ್ವ. "ಮೂಗ ಅಷ್ಟ ಅವರದಕ್ಕಿಂತ ಛಲೋ ಬಂದೈತಿ."

"ಆತು, ಅಯ್ಯನವರ ಸಾಮಾನ ಒಳಗಿಡ್ರಿ," ಎಂದು ಸಾವಕಾರರು ಅಪ್ಪಣೆ ಕೊಟ್ಟರು. ಜನ ಕರಗಿತು. ಗೊಂಬೆಯ ಕಣ್ಣಲ್ಲಿ ಆನಂದದ ನೀರು ತುಂಬಿತು. ಆದರೆ ಸಾವಕಾರರು ಮಾತ್ರ ಹೋಗಲಿಲ್ಲ.

"ಫಕ್ರುಸಾಬ, ಒಂದ ಮಾತು."

"ಇಲ್ಲಿ ಬ್ಯಾಡ್ರಿ ಸಾವಕಾರ್ರ. ನಾಳೆ ನಿಮ್ಮ ಅಂಗಡಿಗೆ ಬರ್ತೇನಿ."

"ಯಾಕ, ಇಲ್ಲಿ ಯಾರದಾರ? ಗೊಂಬಿ ಒಂದ!" ಸಾವಕಾರರು ದನಿ ತಗ್ಗಿಸಿದರು. "ಅಯ್ಯನವರು ಇರೋ ಮನೀನೂ ಮಾರತೀನಿ, ಚಾಳಿಗೆ ಸೇರಿಸಿಕೊಳ್ರಿ ಅಂತ ಅಕ್ಕವ್ವಗ ಹೇಳು. ನಾ ಇಷ್ಟ ದಿನ ಕೂಗಾಡಿದ್ದಕ್ಕ ರೇಟೂ ಛಲೋ ಏರೈತಿ. ಅಯ್ಯನವರನ್ನ ಬಿಡಸಾಕ ಇವತ್ತೊಂದು ನೆವ ಸಿಕ್ಕಿತ್ತು, ತಪ್ಪಿಹೋತು. ಇರಲಿ, ದೀಪಾವಳಿಗೆ ಬಿಡಸ್ತೀನಿ. ಅವರ ಮುಂದ ಮಾತ್ರ ಬಾಯಿ ಬಿಡಬ್ಯಾಡ. ಅವರಿಗೆ ಸುಮ್ಮನಿದ್ದು ಗೊತ್ತಿಲ್ಲ."

ಅವರ ತಲೆಯ ಮೇಲೆ ಮಹಾಂತಯ್ಯ ಸುಮ್ಮನಿದ್ದರು. ಮೂಗಿನ ಮೇಲೆ ನೊಣ ಕುಳಿತರೂ ಸುಮ್ಮನಿದ್ದರು.

ಮನೆಗೆ ಬಂದಾಗ ಬಾಳವ್ವ ಟ್ರಂಕು ಒಳಗಿಟ್ಟು ದೇವರಿಗೆ ದೀಪ ಹಚ್ಚಿದ್ದಳು. ಸುಣ್ಣದ ಮೋರೆಯ ಗಂಡ ಎಲ್ಲ ಹೇಳುವವರೆಗೆ ಕೇಳಿ, ಸ್ವಲ್ಪ ಯೋಚಿಸಿದಳು.

"ಹಂಗಾರ ಆ ಚಾಳಿನ್ಯಾಗ ನಮಗೊಂದು ಖೋಲಿ ಕೇಳ್ರಲಾ."

"ಕೇಳಿ ಬಂದೆ. ಗಂಡ ಇಲ್ಲದವರಿಗಷ್ಟ ಅಂತ. ನಾ ಇರೂತನಾ ನಿನಗ ಸಿಗೂದಿಲ್ಲ."

"ಬಿಡ್ತು ಅನ್ರಿ!" ಬಾಳವ್ವ ಗಾಬರಿಯಿಂದ ತಾಳಿ ಮುಟ್ಟಿಕೊಂಡಳು. "ಅಷ್ಟ ದೊಡ್ಡ ಚಾಳಿನ್ಯಾಗ ಗಂಡಸರಿಗೆ ಒಂದೂ ಜಾಗಾ ಇಲ್ಲೇನ್ರಿ?"

ಮಹಾಂತಯ್ಯ ಕೋಟು ಬಿಚ್ಚಿ ಗೂಟಕ್ಕೆ ಹಾಕಹೋದವರು ಅರ್ಧಕ್ಕೇ ನಿಂತರು.

"ಐತಿ," ಎಂದರು. "ಗ್ವಾಡಿ ಮ್ಯಾಲ. ನಾಳೆ ಮುಂಜಾನೆ ಲಗೂ ಬರ್ರಿ ಅಂದಾನ ಫಕ್ರುಸಾಬ."