ರಾಕ್ಷಸ ಹುದ್ದೆಯ ಭರ್ತಿ

ರಾಷ್ಟ್ರೀಯ ವಾಲ್ವ್ ಕಾರ್ಖಾನೆಯ ಮೂರು ಘಟಕಗಳಿಗೂ ಸೇರಿ ಮಂಜೂರಾಗಿದ್ದ ರಾಕ್ಷಸ ಹುದ್ದೆ ಒಂದೇ. ೧೯೮೪ರ ಬೇಸಿಗೆಯಲ್ಲಿ ಅದು ಖಾಲಿ ಬಿದ್ದಿತ್ತು. ಇದರಿಂದ ಆಡಳಿತದ ಹಿತಕ್ಕೆ ಧಕ್ಕೆಯಾಗುತ್ತಿದೆ ಎಂದು ಸಿಬ್ಬಂದಿ ವಿಭಾಗವೂ, ಕಾರ್ಮಿಕರ ಹಿತಕ್ಕೆ ಧಕ್ಕೆಯಾಗುತ್ತಿದೆ ಎಂದು ಯೂನಿಯನ್ನೂ ಒಪ್ಪಿಕೊಂಡಿದ್ದವು. ಈ ಎರಡು ಪಕ್ಷಗಳು ಒಂದೇ ಮಾತು ಆಡಿದ್ದು ಕಾರ್ಖಾನೆಯ ಇತಿಹಾಸದಲ್ಲಿ ಅದೇ ಮೊದಲು.

ಪೀಣ್ಯ ಘಟಕದ ಸ್ಟೋರ್ಸ್ ಗುಮಾಸ್ತ ಸುಬ್ರಹ್ಮಣ್ಯನಿಗೆ ಮಾತ್ರ ಈ ಸುದ್ದಿ ಕೇಳಿದಾಗಲೆಲ್ಲ ಮೈ ಉರಿಯುತ್ತಿತ್ತು. "ರಾಕ್ಷಸನಿಗೂ ಒಂದು ಪೋಸ್ಟಂತೆ, ಥೂ!" ಎಂದು ಕ್ಯಾಂಟೀನಿನಲ್ಲಿ ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದ. ಅವನು ಹಳೆಯ ಆಟಗಾರ. ಹಳೆಯ ಆಟಗಾರರಿಗೆ ಹೊಸದು ಯಾವುದೂ ಗಂಟಲಲ್ಲಿ ಇಳಿಯುವುದಿಲ್ಲ.

ಆಟ ಯಾವುದೆಂದು ಹೇಳಿಬಿಡುತ್ತೇನೆ. ವಾಲ್ವ್‌ಗಳನ್ನು ಎಣಿಸಲೆಂದು ಕಾರ್ಖಾನೆಯವರು ಒಂದು ಕಂಪ್ಯೂಟರ್ ತರಿಸಿದ್ದರು. ಪೀಣ್ಯದಲ್ಲಿ ಅದಕ್ಕೊಂದು ಏಸಿ ಕೋಣೆ. ಗರ್ಭಗುಡಿಗೆ ಹೋಗುವ ಹಾಗೆ ಚಪ್ಪಲಿ ಬಿಚ್ಚಿ ಒಳಗೆ ಹೋಗಬೇಕು. ಅಲ್ಲಿಂದ ದೊಡ್ಡನೆಕ್ಕುಂದಿಗೂ ಎಲೆಕ್ಟ್ರಾನಿಕ್ ಸಿಟಿಗೂ ಟೆಲಿಫೋನ್ ತಂತಿ ಹಾಯಿಸಿ, ಅಲ್ಲಲ್ಲಿ ಹಸಿರು ಅಕ್ಷರ ಮೂಡುವ ಪರದೆಗಳನ್ನು ಇಟ್ಟರು. ವಾಲ್ವ್‌ಗಳನ್ನು ಮೊದಲಿನಂತೆ ಕೈಯಲ್ಲೇ ಎಣಿಸುತ್ತಿದ್ದರು. ಸುಮ್ಮನೆ ಕೂತಿದ್ದ ಯಂತ್ರದೊಳಗೆ ಉಪೇಂದ್ರ ಎಂಬ ಎಂಜಿನಿಯರ್ 'ಏಳುಗುಡ್ಡ' ಎಂಬ ಆಟ ಬರೆದಿಟ್ಟ.

ಅದರಲ್ಲಿ ಚಿತ್ರವಿಲ್ಲ, ಬಣ್ಣವಿಲ್ಲ. 'ನೀನು ಕಾಡಿನಲ್ಲಿದ್ದೀಯ. ಎಡಕ್ಕೆ ದಾರಿ, ಬಲಕ್ಕೆ ಹುಲಿ' ಎಂದು ಪರದೆ ಹೇಳುತ್ತಿತ್ತು, ಅದೂ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡದಲ್ಲಿ. ಯಾವ ಕಡೆ ಹೋಗಬೇಕೆಂದು ನೀವು ಟೈಪು ಮಾಡಬೇಕು. ಮೂರು ಘಟಕದವರೂ ಒಂದೇ ಕಾಡಿನಲ್ಲಿ ಒಟ್ಟಿಗೆ ತಿರುಗಬಹುದು, ಮಾತಾಡಬಹುದು, ಕೂಡಿ ಹೊಡೆದಾಡಬಹುದು. ಮಳೆ ಬಂದು ತಂತಿ ಕೈಕೊಟ್ಟರೆ ಹುಲಿಯೂ ವೀರನೂ ನಿಂತಲ್ಲೇ ನಿಂತು ಬಿಸಿಲಿಗಾಗಿ ಕಾಯುತ್ತಿದ್ದರು.

ಆಗ ಯಾರು ಯಾರೆಂದು ಯಾರಿಗೂ ಗೊತ್ತಿರಲಿಲ್ಲ. ಸುಬ್ರಹ್ಮಣ್ಯ ಅಲ್ಲಿ 'ಕಾಡಯ್ಯ'. ಹೊರಗೆ ನಲ್ಲಿಯ ಮುಂದೆ ಬಿಂದಿಗೆ ಹಿಡಿದು ನಿಲ್ಲುವ, ಮೇಲಿನವರ ಸಹಿಗಾಗಿ ಬಾಗಿಲಲ್ಲಿ ನಿಲ್ಲುವ ಮನುಷ್ಯ, ಊಟದ ಹೊತ್ತಿನಲ್ಲಿ ಹುಲಿ ಹೊಡೆಯುತ್ತಿದ್ದ. ಅವನ ಜೊತೆಗಾರ 'ಭಂಟ' ಎಂಬ ಹೆಸರಿನ ಬಿಲ್ಲುಗಾರ.

"ಮಚ್ಚಾ, ಎಡಕ್ಕೆ ಹೋಗ್ಬೇಡ, ಕರಡಿ ಇದೆ," ಎಂದು ಸುಬ್ರಹ್ಮಣ್ಯ ಟೈಪು ಮಾಡಿದರೆ, "ಇದ್ರೆ ಇರ್ಲಿ ಕಣೋ ಕಾಡಯ್ಯ, ಬೆಲ್ ಹೊಡಿಯೋದ್ರೊಳಗೆ ಮುಗಿಸ್ಬಿಡೋಣ," ಎಂದು ಭಂಟ ಉತ್ತರಿಸುತ್ತಿದ್ದ.

ಆರು ಗುಡ್ಡ ಹತ್ತಿದ ಮೇಲೆ ನದಿ. ನದಿಯ ಈಚೆ ಗುಹೆ, ಗುಹೆಯಲ್ಲಿ ರಾಕ್ಷಸ. ಅವನನ್ನು ಕೊಂದವರು ಮಾತ್ರ ನದಿ ದಾಟಿ ಏಳನೆಯ ಗುಡ್ಡಕ್ಕೆ ಹೋಗಬಹುದು. ಅಲ್ಲೇನಿದೆ ಎಂದು ಕೇಳಿದರೆ ಉಪೇಂದ್ರ, "ಹೋಗಿ ನೋಡ್ರೀ," ಎಂದು ನಗುತ್ತಿದ್ದ. ಕಾಡಯ್ಯ, ಭಂಟ ಇಬ್ಬರೂ ರಾಕ್ಷಸನ ಕೈಯಲ್ಲಿ ಎಷ್ಟೋ ಸಲ ಸತ್ತರು. ಸತ್ತವರು ಮತ್ತೆ ಮೊದಲನೆಯ ಗುಡ್ಡದಿಂದ ಬರೀ ದೊಣ್ಣೆ ಹಿಡಿದು ಹೊರಡಬೇಕು. ಹೊರಡುತ್ತಿದ್ದರು. ಯಾರು ರಾಕ್ಷಸನನ್ನು ಕೆಡವಿದರೂ ಆಚೆ ದಡದಲ್ಲಿ ಏನಿದೆ ಎಂದು ಇನ್ನೊಬ್ಬರಿಗೆ ಹೇಳಲೇಬೇಕೆಂದು ಆಣೆಯಾಗಿತ್ತು. ಸುಬ್ರಹ್ಮಣ್ಯನ ಬದುಕಿನಲ್ಲಿ ಆ ನದಿ ದಾಟುವುದಕ್ಕಿಂತ ದೊಡ್ಡ ಆಸೆ ಬೇರೊಂದಿರಲಿಲ್ಲ.

ಇಂಥ ಹೊತ್ತಿನಲ್ಲಿ ದಿಲ್ಲಿಯಿಂದ ತಪಾಸಣೆಗೆ ಒಬ್ಬ ಅಧಿಕಾರಿ ಬಂದರು. ಪರದೆ ನೋಡಿ ಏನಿದು ಎಂದರು. ಅಲ್ಲಿಯವರೆಗೂ ಅದನ್ನು ಟೀವಿ ಎಂದು ತಿಳಿದಿದ್ದ ಜನರಲ್ ಮ್ಯಾನೇಜರು ತಡಬಡಾಯಿಸದೆ, "ಸಿಬ್ಬಂದಿಯ ಧೈರ್ಯವರ್ಧನಾ ಕಾರ್ಯಕ್ರಮ," ಎಂದರು. ಅಧಿಕಾರಿ ಮೆಚ್ಚಿ, ಊರಿಗೆ ಹಿಂದಿರುಗಿ, ಧೈರ್ಯಕ್ಕಾಗಿ ಅನುದಾನ ಕಳಿಸಿದರು. ಬಂದ ಅನುದಾನ ಖರ್ಚಾಗದಿದ್ದರೆ ಮುಂದಿನ ವರ್ಷ ಬರುವುದಿಲ್ಲ ಎಂಬುದು ಸೃಷ್ಟಿಯ ನಿಯಮ. ಆದ್ದರಿಂದ ಏಳುಗುಡ್ಡ ಕೋಶ ಸ್ಥಾಪನೆಯಾಯಿತು. ಸಿಬ್ಬಂದಿ ವ್ಯವಸ್ಥಾಪಕರಾದ ಪಟ್ಟಾಭಿರಾಮ ಅವರು ಅದರ ಮುಖ್ಯಸ್ಥರಾದರು. ಅವರು ಎಂದೂ ಆಟ ಆಡಿದವರಲ್ಲ. ಆಡಿದರೆ ನಿಷ್ಪಕ್ಷಪಾತ ಕೆಡುತ್ತದೆ ಎಂಬುದು ಅವರ ನಿಲುವು. ಅವರ ಮೊದಲ ಸುತ್ತೋಲೆ ಹೀಗಿತ್ತು:

'ಏಳುಗುಡ್ಡದ ಸಮಸ್ತ ವೀರರ ಗಮನಕ್ಕೆ ತರುವುದೇನೆಂದರೆ, ಕಾಡಿನಲ್ಲಿ ಸಂಚರಿಸುವವರು ಇನ್ನು ಮುಂದೆ ತಮ್ಮ ನಿಜನಾಮ ಮತ್ತು ಪದನಾಮದೊಂದಿಗೆ ಸಂಚರಿಸತಕ್ಕದ್ದು. ಯಾವುದೇ ವೀರನ ಶಕ್ತಿಯು ಆತನ ವೇತನ ಶ್ರೇಣಿಯನ್ನು ಮೀರತಕ್ಕದ್ದಲ್ಲ. ಮೀರಿದ ಶಕ್ತಿಯನ್ನು ತಿಂಗಳಾಂತ್ಯದೊಳಗೆ ಕೋಶಕ್ಕೆ ಒಪ್ಪಿಸಿ ರಸೀತಿ ಪಡೆಯತಕ್ಕದ್ದು. ಹುಲಿ, ಕರಡಿ ಇತ್ಯಾದಿಗಳಿಗೂ ಇದೇ ನಿಯಮ ಅನ್ವಯಿಸುವ ಬಗ್ಗೆ ಪ್ರತ್ಯೇಕ ಆದೇಶ ಹೊರಡಿಸಲಾಗುವುದು.'

ಸುಬ್ರಹ್ಮಣ್ಯ ತನ್ನ ಶಕ್ತಿಯಲ್ಲಿ ಮುಕ್ಕಾಲು ಪಾಲು ಒಪ್ಪಿಸಿ ರಸೀತಿ ಪಡೆದ. ಮಾರನೆಯ ದಿನ ಎರಡನೆಯ ಗುಡ್ಡದ ತಿರುವಿನಲ್ಲಿ ಭಂಟ ಎದುರಾದ. ಪರದೆಯ ಮೇಲೆ, 'ಶ್ರೀಮತಿ ಸೀತಾಲಕ್ಷ್ಮಿ, ಟೈಪಿಸ್ಟ್, ದೊಡ್ಡನೆಕ್ಕುಂದಿ ಘಟಕ' ಎಂದು ಮೂಡಿತು. ಎರಡು ವರ್ಷ ಮಚ್ಚಾ, ಲೋ, ಮುಠ್ಠಾಳ ಎಂದೆಲ್ಲ ಕರೆದಿದ್ದ ಸುಬ್ರಹ್ಮಣ್ಯ ಕುರ್ಚಿಯಿಂದ ಎದ್ದು ನಿಂತ.

"ಕ್ಷಮಿಸಿ ಮೇಡಂ, ಗೊತ್ತಿರ್ಲಿಲ್ಲ."

"ಪರವಾಗಿಲ್ಲ ಸಾರ್."

ಅಷ್ಟರಲ್ಲಿ ಕರಡಿ ಬಂತು. "ತಾವು ಮೊದಲು ಹೊಡೀರಿ," ಎಂದು ಅವನು, "ಛೆ ಛೆ, ತಾವು ಸೀನಿಯರ್," ಎಂದು ಅವಳು. ಕರಡಿ ಇಬ್ಬರನ್ನೂ ತಿಂದು ಹೋಯಿತು.

ಅಲ್ಲಿಂದ ಮುಂದೆ ಆಟ ಭರದಿಂದ ಸುಧಾರಿಸಿತು. ಗುಡ್ಡದಿಂದ ಗುಡ್ಡಕ್ಕೆ ಶಿಫ್ಟ್ ಬಸ್ಸು ಬಂತು. ಬಸ್ಸು ಹತ್ತಿ ಆರನೆಯ ಗುಡ್ಡದಲ್ಲಿ ಇಳಿಯುವ ಹೊಸ ವೀರರಲ್ಲಿ ಕಾಡು ಕಂಡವನೇ ಇರಲಿಲ್ಲ. ಅಧಿಕಾರಿಗಳ ಪರವಾಗಿ ಅವರ ಪಿಎಗಳೇ ಆಡಿ, ಸಂಜೆ ಗೆದ್ದ ವರದಿಯನ್ನು ಸಹಿಗೆ ಇಡುತ್ತಿದ್ದರು. ಕತ್ತಿ ಬೇಕಾದವರು ಇಂಡೆಂಟ್ ಎಂಬ ಬೇಡಿಕೆ ಚೀಟಿಯನ್ನು ಮೂರು ಪ್ರತಿ ಹಾಕಿ, ಮುರಿದ ಕತ್ತಿಯ ಚೂರು ಒಪ್ಪಿಸಿ, ಸ್ಟೋರ್ಸ್‌ನಿಂದ ಪಡೆಯಬೇಕಿತ್ತು. ಸ್ಟೋರ್ಸ್‌ನಲ್ಲಿ ಕೂತಿದ್ದವನು ಸುಬ್ರಹ್ಮಣ್ಯನೇ. ಬೆಳಿಗ್ಗೆ ಈ ನಿಯಮವನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದ, ಮಧ್ಯಾಹ್ನ, "ಚೂರಿನಲ್ಲಿ ಹಿಡಿಕೆ ಎಲ್ರೀ?" ಎಂದು ವೀರರನ್ನು ವಾಪಸು ಅಟ್ಟುತ್ತಿದ್ದ. ಎರಡೂ ಕೆಲಸವನ್ನು ಮನಸ್ಸಿಟ್ಟು ಮಾಡುತ್ತಿದ್ದ.

ಜನರಲ್ ಮ್ಯಾನೇಜರ ಹುಟ್ಟುಹಬ್ಬ ಬಂತು. ಅಂದು ಅವರು ರಾಕ್ಷಸನನ್ನು ಸಂಹರಿಸಬೇಕೆಂದು ಕೋಶ ತೀರ್ಮಾನಿಸಿತು. ರಾಕ್ಷಸನು ಸದರಿ ದಿನ ಕೈಕಟ್ಟಿ ನಿಲ್ಲುವಂತೆ ಉಪೇಂದ್ರನಿಗೆ ಮೆಮೊ ಹೋಯಿತು. ಪಿಎ ಒಂದು ಗುಂಡಿ ಒತ್ತಿದ, ರಾಕ್ಷಸ ನಮಸ್ಕಾರ ಮಾಡಿ ಸತ್ತ. ಜನರಲ್ ಮ್ಯಾನೇಜರು ನದಿ ದಾಟಲಿಲ್ಲ, ಅವರಿಗೆ ಮೀಟಿಂಗ್ ಇತ್ತು.

ಹುದ್ದೆ ಖಾಲಿ ಬಿದ್ದದ್ದು ಹೀಗೆ. ರಾಕ್ಷಸನಿಲ್ಲ, ಆದ್ದರಿಂದ ಕೊಲ್ಲುವಂತಿಲ್ಲ. ಕೊಲ್ಲದೆ ನದಿ ದಾಟುವಂತಿಲ್ಲ.

"ಐದು ನಿಮಿಷದ ಕೆಲ್ಸ ಸಾರ್. ಎರಡು ಸಾಲು ಬರೆದ್ರೆ ಇನ್ನೊಬ್ಬ ರಾಕ್ಷಸ ಬರ್ತಾನೆ," ಎಂದ ಉಪೇಂದ್ರ.

"ನೇಮಕಾತಿ ಐದು ನಿಮಿಷದ ಕೆಲ್ಸ ಅಂತ ನಿಮ್ಗೆ ಯಾರು ಹೇಳಿದ್ದು?" ಎಂದರು ಪಟ್ಟಾಭಿರಾಮ. ಇಂಥ ಧೋರಣೆಯ ಮನುಷ್ಯ ಕಂಪ್ಯೂಟರ್ ಹತ್ತಿರ ಇರುವುದು ಕ್ಷೇಮವಲ್ಲವೆಂದು ಉಪೇಂದ್ರನನ್ನು ಎಲೆಕ್ಟ್ರಾನಿಕ್ ಸಿಟಿಯ ಗೋಡೌನಿಗೆ, ವಾಲ್ವ್ ಎಣಿಸಲು ಹಾಕಿದರು.

ಯೂನಿಯನ್ ಕಾರ್ಯದರ್ಶಿ ಹನುಮಂತರಾಯಪ್ಪ ದೊಡ್ಡನೆಕ್ಕುಂದಿಯವನೇ. ಕಾರ್ಖಾನೆ ನಿಂತಿದ್ದು ಅವನಪ್ಪ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ. ಗೇಟಿನ ಮುಂದೆ ಸ್ಟೂಲು ಹತ್ತಿ ಅವನು ಗುಡುಗಿದ: "ಮಿಷೀನು ರಾಕ್ಷಸ ಆಗಾದಾದ್ರೆ ನಾವ್ಯಾಕ್ರಪ್ಪ ಇರಾದು? ಇಂಗೇ ಬುಟ್ರೆ ನಾಳೆ ಮ್ಯಾನೇಜ್ರು ಕೆಲ್ಸಾನೂ ಮಿಷೀನೇ ಮಾಡ್ತದೆ! ರಾಕ್ಷಸನ ಪೋಸ್ಟು ನಮ್ಮೋರಿಗೇ ಕೊಡ್ಬೇಕು, ಸೀನಿಯಾರಿಟಿ ಮ್ಯಾಲೇ ಕೊಡ್ಬೇಕು!"

ಚಪ್ಪಾಳೆ ಬಿತ್ತು. ಒಂದು ಮಧ್ಯಾಹ್ನದ ಮುಷ್ಕರದ ನಂತರ ಆಡಳಿತ ಒಪ್ಪಿತು. ಜ್ಯೇಷ್ಠತೆಯಲ್ಲಿ ಮೊದಲಿದ್ದ ಕಾಡುಗೋಡಿಯ ಪಾಪಯ್ಯ ಮಗಳಿಗೆ ಗಂಡು ನೋಡುತ್ತಿದ್ದ. "ರಾಕ್ಷಸನ ಮಗಳು ಅಂದ್ರೆ ಯಾರ್ ಒಪ್ತಾರೆ ಸ್ವಾಮಿ?" ಎಂದು ಕೈಮುಗಿದ. ಅವನ ನಂತರದ ಹೆಸರು ಸುಬ್ರಹ್ಮಣ್ಯನದು. ಅವನನ್ನು ಸಂದರ್ಶನಕ್ಕೆ ಕರೆದರು.

"ಯಾರನ್ನಾದ್ರೂ ಕೊಂದ ಅನುಭವ ಇದೆಯಾ?" ಎಂದು ಪಟ್ಟಾಭಿರಾಮ ಕೇಳಿದರು.

"ಹುಲಿ, ಕರಡಿ ಕೊಂದಿದೀನಿ ಸಾರ್."

"ಮೇಲಧಿಕಾರಿ ಅನುಮತಿ ತಗೊಂಡಿದ್ರಾ?"

"ಆಗ ಬೇಕಿರ್ಲಿಲ್ಲ ಸಾರ್."

"ಆಗ ಅಂದ್ರೆ?"

"ಮೊದಲು."

ಪಟ್ಟಾಭಿರಾಮ ಕನಿಕರದಿಂದ ನೋಡಿದರು. "ಮೊದಲು ಅಂತ ಒಂದು ಇತ್ತು ಅನ್ನೋದಕ್ಕೆ ನಮ್ಮಲ್ಲಿ ದಾಖಲೆ ಇಲ್ಲ ಕಣ್ರೀ."

ಸುಬ್ರಹ್ಮಣ್ಯನಿಗೆ ರೇಗಿತು. "ನಂಗೆ ರಾಕ್ಷಸ ಆಗೋದು ಬೇಡ ಸಾರ್. ನದಿ ದಾಟ್ಬೇಕು, ಅಷ್ಟೆ."

"ನಿಮ್ಮಿಷ್ಟ. ನಿರಾಕರಿಸಿದ್ರೆ ಇನ್ನು ಬಡ್ತಿ ಇಲ್ಲ. ಒಪ್ಪಿದ್ರೆ ಪ್ರತ್ಯೇಕ ರೂಮು, ಟೇಬಲ್ ಫ್ಯಾನು, ಕೈ ಇರೋ ಕುರ್ಚಿ."

ಗುಮಾಸ್ತರ ಕುರ್ಚಿಗಳಿಗೆ ಕೈ ಇರಲಿಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ಸುಬ್ರಹ್ಮಣ್ಯ ಒಂದು ದಿನ ಯೋಚಿಸಿದ. ಬೇಡವೆಂದು ನೂರು ಕಾರಣ ಕಂಡುಕೊಂಡು, ಒಪ್ಪಿಗೆ ಬರೆದುಕೊಟ್ಟ. ಊಟದ ಹೊತ್ತಿನಲ್ಲಿ ನದಿಯ ದಡಕ್ಕೆ ಸೀತಾಲಕ್ಷ್ಮಿಯನ್ನು ಕರೆದು ಎಲ್ಲ ಹೇಳಿದ.

"ಮೇಡಂ, ನೀವು ಗುಹೆಗೆ ಬನ್ನಿ. ಮೊದಲನೇ ಏಟಿಗೇ ಬಿದ್ದ್‌ಬಿಡ್ತೀನಿ. ನದಿ ದಾಟಿ ಆಚೆ ಏನಿದೆ ನೋಡಿ, ನಂಗೆ ಹೇಳಿದ್ರೆ ಸಾಕು."

"ನಿಮ್ಮ ಗತಿ?"

"ಮತ್ತೆ ದೊಣ್ಣೆ ಹಿಡ್ಕೊಂಡು ಮೊದಲನೇ ಗುಡ್ಡದಿಂದ ಬರ್ತೀನಿ."

ಪರದೆಯ ಮೇಲೆ, "ಮಾತು ಕೊಟ್ಟಿದೀಯ ಕಣೋ ಕಾಡಯ್ಯ," ಎಂದು ಮೂಡಿತು. ಸುಬ್ರಹ್ಮಣ್ಯನ ಕಣ್ಣು ತುಂಬಿ ಬಂತು. ಅಷ್ಟು ಸಂತೋಷ ಅವನಿಗೆ ಮದುವೆಯ ದಿನವೂ ಆಗಿರಲಿಲ್ಲ.

ಸೀತಾಲಕ್ಷ್ಮಿ ಅನುಮತಿಗಳ ಬೆನ್ನು ಹತ್ತಿದಳು. ರಾಕ್ಷಸನನ್ನು ಕೊಲ್ಲಲು ದೇಹದಾರ್ಢ್ಯ ಪ್ರಮಾಣಪತ್ರ ಬೇಕು. ಕೊಲ್ಲಲ್ಪಡುವವನು ಯೂನಿಯನ್ ಸದಸ್ಯನಾದ್ದರಿಂದ ಹನುಮಂತರಾಯಪ್ಪನ ನಿರಾಕ್ಷೇಪಣಾ ಪತ್ರ ಬೇಕು. ಕತ್ತಿಗೆ ಇಂಡೆಂಟ್ ಬೇಕು. ಹಿಂದೆ ಎಂದೂ ಕತ್ತಿ ಹಿಡಿಯದ ಬಿಲ್ಲುಗಾರ್ತಿಯಾದ್ದರಿಂದ ಮುರಿದ ಕತ್ತಿಯನ್ನು ಎಲ್ಲಿಂದಲೋ ಸಾಲ ತರಬೇಕು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಇದಕ್ಕೇ. ಮಳೆಗಾಲ ಕಳೆಯಿತು, ಆಯುಧಪೂಜೆಯೂ ಬಂತು.

ಇತ್ತ ಸುಬ್ರಹ್ಮಣ್ಯ ಕುರ್ಚಿಯಲ್ಲಿ ಕೂತ. ಮೊದಲ ವಾರ ಕುರ್ಚಿಯ ಕೈಯ ಮೇಲೆ ತನ್ನ ಕೈ ಇಡಲೂ ನಾಚಿಕೆ. ಎರಡನೆಯ ವಾರ ಬೆನ್ನಿಗೆ ಟರ್ಕಿ ಟವೆಲ್ ಬಂತು. ಕ್ಯಾಂಟೀನಿನ ಮುನಿಯಣ್ಣ ಲೋಟದ ಬದಲು ಕಪ್ಪು-ಬಸಿಯಲ್ಲಿ ಕಾಫಿ ತಂದು, "ರಾಕ್ಷಸ್ರಿಗೆ ಸಕ್ರೆ ಎಷ್ಟು ಆಕ್ಲಿ ಸಾ?" ಎಂದ. ಆಯುಧಪೂಜೆಯ ದಿನ ಅವನ ಪರದೆಗೆ ಕುಂಕುಮವಿಟ್ಟು ಬೂದುಗುಂಬಳ ಒಡೆದರು. ಪ್ರಸಾದ ತಿನ್ನುತ್ತ ಅವನು ತನ್ನ ನೇಮಕದ ಆದೇಶವನ್ನು ಮೊದಲ ಬಾರಿಗೆ ಪೂರ್ತಿ ಓದಿದ. ಕೊನೆಯಲ್ಲಿ ಹೀಗಿತ್ತು: 'ರಾಕ್ಷಸನು ಆಟದ ಒಳಗಾಗಲಿ ಹೊರಗಾಗಲಿ ಮೃತನಾದಲ್ಲಿ ಸದರಿ ಹುದ್ದೆಯು ತಾನೇ ತಾನಾಗಿ ರದ್ದಾಗತಕ್ಕದ್ದು. ಒಳಗೆ ಮೃತನಾದವನು ಮೂಲ ಹುದ್ದೆಗೆ ಮರಳತಕ್ಕದ್ದು. ವಯೋನಿವೃತ್ತಿಯಾದಲ್ಲಿ ಮಾತ್ರ ಜ್ಯೇಷ್ಠತೆಯ ಮೇರೆಗೆ ಮುಂದಿನವರನ್ನು ನೇಮಿಸತಕ್ಕದ್ದು.' ಕಡಲೆಪುರಿ ಬದಿಗಿಟ್ಟು ಅವನು ಅದನ್ನು ಇನ್ನೊಮ್ಮೆ ಓದಿದ.

ಒಂದು ಮಧ್ಯಾಹ್ನ ಸೀತಾಲಕ್ಷ್ಮಿ ಗುಹೆಯ ಬಾಗಿಲಿಗೆ ಬಂದಳು. ಕೈಯಲ್ಲಿ ಕತ್ತಿ, ಕಂಕುಳಲ್ಲಿ ಎಲ್ಲ ಅನುಮತಿಗಳು, ಮೂರು ಪ್ರತಿ.

"ಬಂದಿದೀನಿ ಸಾರ್. ಹೊಡೀಲಾ?"

ಸುಬ್ರಹ್ಮಣ್ಯ ಕುರ್ಚಿಯ ಎರಡೂ ಕೈಗಳನ್ನು ಹಿಡಿದುಕೊಂಡ. ಹ್ಞೂಂ ಎಂದು ಒಂದು ಮಾತು ಟೈಪು ಮಾಡಿದರೆ ಸಾಕಿತ್ತು. ತಾನು ಮಾಡಲಿರುವುದು ಹೊಲಸು ಕೆಲಸ ಎಂದು ಅವನಿಗೆ ಚೆನ್ನಾಗಿಯೇ ಗೊತ್ತಿತ್ತು, ತನ್ನ ಮೇಲೆ ತನಗೇ ಅಸಹ್ಯವೂ ಆಯಿತು. ಅವನು ಬರೆದ: 'ಮೂರನೇ ಪ್ರತಿಯಲ್ಲಿ ಮೊಹರು ಸ್ಪಷ್ಟವಿರುವುದಿಲ್ಲ. ಸರಿಪಡಿಸಿ ಮರುಸಲ್ಲಿಸುವುದು.'

ಬೈಯಲಿ, ಲೋ ಎನ್ನಲಿ, ಕೇಳದೆ ಕತ್ತಿ ಬೀಸಲಿ ಎಂದು ಅವನು ಕಾದ. ಬೀಸಿದ್ದರೆ ಆಗಲೂ ಬೀಳುತ್ತಿದ್ದನೇನೋ.

"ಸರಿ ಸಾರ್," ಎಂದು ಮೂಡಿತು. "ಒಂದು ವಿಷಯ ಕೇಳ್ಬಹುದಾ? ತಮ್ಮ ರಿಟೈರ್‌ಮೆಂಟ್ ಯಾವ ವರ್ಷ?"

ಅವನು ಹೇಳಿದ.

"ಹಾಗಿದ್ರೆ ಕೊಲ್ಲೋ ಅರ್ಜಿ ವಾಪಸ್ ತಗೋತೀನಿ. ಆರ್ಡರ್ ಟೈಪ್ ಮಾಡಿದ್ದು ನಾನೇ ಸಾರ್. ತಾವು ಸತ್ರೆ ಪೋಸ್ಟೇ ಹೋಗ್ಬಿಡತ್ತೆ. ರಿಟೈರ್ ಆದ್ರೆ ಸೀನಿಯಾರಿಟೀಲಿ ನೆಕ್ಸ್ಟ್ ನಾನೇ."

ಆ ವರ್ಷ ಏಳುಗುಡ್ಡದಲ್ಲಿ ಆಮೇಲೆ ಒಂದು ಸಾವೂ ಸಂಭವಿಸಲಿಲ್ಲ. ಕಾರ್ಖಾನೆಗೆ ಸುರಕ್ಷತಾ ಪ್ರಶಸ್ತಿ ಬಂತು. ಪೀಣ್ಯದಲ್ಲಿ ಶಾಮಿಯಾನ ಹಾಕಿ ಸಮಾರಂಭ ಮಾಡಿದರು. ಜನರಲ್ ಮ್ಯಾನೇಜರು ಧೈರ್ಯದ ಬಗ್ಗೆ ಮಾತಾಡಿದರು, ಹನುಮಂತರಾಯಪ್ಪ ರಾಕ್ಷಸರಿಗೆ ಶಾಲು ಹೊದಿಸಿದ, ಪಟ್ಟಾಭಿರಾಮ ವಂದನಾರ್ಪಣೆ ಮಾಡಿದರು. ಸುಬ್ರಹ್ಮಣ್ಯನೂ ಸೀತಾಲಕ್ಷ್ಮಿಯೂ ಮುಖಾಮುಖಿ ಭೇಟಿಯಾದದ್ದು ಅಂದೇ ಮೊದಲು. ಇಬ್ಬರೂ ಕೈಮುಗಿದರು. ನದಿಯ ಮಾತು ಇಬ್ಬರಿಗೂ ನೆನಪಾಗಲಿಲ್ಲ. ಅವಳ ಕಣ್ಣು ಅವನ ಕೈಯಲ್ಲಿದ್ದ ತಟ್ಟೆಯ ಮೇಲಿತ್ತು.

"ಎರಡೆರಡು ಜಾಮೂನು ಬೇಡ ಸಾರ್," ಎಂದು ಅವಳು ಒಂದನ್ನು ಕಾಳಜಿಯಿಂದ ತನ್ನ ತಟ್ಟೆಗೆ ಹಾಕಿಕೊಂಡಳು. "ರಿಟೈರ್‌ಮೆಂಟ್‌ವರೆಗೂ ಆರೋಗ್ಯ ನೋಡ್ಕೋಬೇಕು."

ಎಷ್ಟೊಂದು ಒಳ್ಳೆಯ ಹೆಂಗಸು ಎಂದುಕೊಂಡು ಸುಬ್ರಹ್ಮಣ್ಯ ಇನ್ನೊಂದನ್ನೂ ಅವಳಿಗೇ ಕೊಟ್ಟುಬಿಟ್ಟ.