ಒಣಗದ ಯುನಿಫಾರ್ಮು

ಕಳೆದ ರವಿವಾರ ಮಣ್ಣೂರಿನಲ್ಲಿ, ಕಲ್ಲು ಕಾಯುವಂಥ ಬಿಸಿಲಲ್ಲಿ, ನನ್ನ ಸೋದರಮಾವ ಒಂದೇ ಜೊತೆ ಬಟ್ಟೆಯನ್ನು ಬೆಳಿಗ್ಗೆಯಿಂದ ಸಂಜೆಯವರೆಗೆ ತೋಯಿಸುತ್ತಲೇ ಇದ್ದರು. ಇದು ವರದಿ. ಮಾವನಿಗೆ ತಲೆ ಕೆಟ್ಟಿದೆ ಎಂಬುದು ಊರಿನ ಅಭಿಪ್ರಾಯ. ಎರಡನ್ನೂ ಬೆರೆಸಬಾರದು!

ಮಾವ ನಿವೃತ್ತ ಹವಾಲ್ದಾರ್. ಸೈನ್ಯಕ್ಕೂ ರಾಜಕೀಯ ಪಕ್ಷಗಳಿಗೂ ನಡುವೆ ಒಂದು ಗಡಿಯಿದೆ, ಅದನ್ನು ಕಾಯಲು ತಾನೊಬ್ಬನೇ ಉಳಿದಿದ್ದೇನೆ ಎಂದು ನಂಬಿದವರು. ಅಫಜಲಪುರದ ಚಹಾದಂಗಡಿಗೆ ಯಾವುದಾದರೂ ಪಕ್ಷದ ಬಾವುಟ ಕಟ್ಟಿದ್ದರೆ, ತಾವಿದ್ದ ಸೇನಾ ತುಕಡಿಯ, ಅಂದರೆ ಪಲ್ಟಣದ, ಟೋಪಿ ತೆಗೆದು ಕಿಸೆಗಿಟ್ಟೇ ಒಳಗೆ ಹೋಗುತ್ತಾರೆ.

"ಟೊಪಗಿ ಯಾಕ ತೆಗದ್ರಿ ಸಾಹೇಬ್ರ?" ಎಂದು ಅಂಗಡಿಯವ ಕೇಳಿದ.

"ಟೊಪಗಿ ಪಲ್ಟಣದ್ದು, ಚಹಾ ನಂದು. ಸಕ್ಕರಿ ಕಡಿಮಿ ಹಾಕು."

ಯಡ್ರಾಮಿಯ ಮದುವೆಯೊಂದರಲ್ಲಿ ಮುಖಂಡರೊಬ್ಬರು ಹಿಂಬಾಲಕರ ಸಮೇತ ಬಂದರು. ಮಾವ ಮೆಡಲು ಚುಚ್ಚಿದ್ದ ಕೋಟು, ಅಂಗಿ ಎಲ್ಲ ಕಳಚಿ ಬನಿಯನ್ನಿನಲ್ಲೇ ಅಕ್ಷತೆ ಹಾಕಿದರು. ಹೆಣ್ಣಿನ ಕಡೆಯವರು ಅಡುಗೆಯವನೆಂದು ತಿಳಿದು ಇನ್ನೊಂದು ಬುಟ್ಟಿ ಹೋಳಿಗೆ ತರಲು ಹೇಳಿದರು. ಮಾವ ತಂದರು!

ಇಂಥವರ ಮಗಳು ಅಗ್ನಿವೀರಳು. ಮಿಲಿಟರಿ ಪೊಲೀಸಿನಲ್ಲಿ ಅವಳಿಗೆ ಇದು ನಾಲ್ಕನೆಯ, ಅಂದರೆ ಕೊನೆಯ ವರ್ಷ. ಮುಂದೆ ಕಾಯಂ ಆಗುವವರು ಕೆಲವರೇ. ರಜೆಗೆ ಬಂದವಳನ್ನು ಯುನಿಫಾರ್ಮಿನಲ್ಲಿ ಪ್ರಚಾರಸಭೆಯ ವೇದಿಕೆ ಹತ್ತಿಸಬೇಕೆಂದು ಕಾರ್ಯಕರ್ತರು ಕೇಳಿದರು. ಅತ್ತೆ ಖುಷಿಯಲ್ಲಿ ಹೂಂ ಅಂದುಬಿಟ್ಟರು! ಸೇವೆಯಲ್ಲಿರುವವರು ಅಲ್ಲಿಗೆ ಹೋಗುವಂತಿಲ್ಲ. ಒಂದು ಫೋಟೋ ಹೊರಬಿದ್ದರೂ ನೌಕರಿಗೆ ಕುತ್ತು.

"ಬರಂಗಿಲ್ಲ ಅಂತ ನಾನೇ ಹೇಳ್ತೇನ್ರಿ ಅಪ್ಪಾ," ಎಂದಳು ಮಗಳು.

"ನೀ ಹೇಳಿದ್ರ ಸೊಕ್ಕು ಅಂತಾರ. ನೀರಿನ ಮ್ಯಾಲ ಯಾರೂ ಸಿಟ್ಟಾಗಂಗಿಲ್ಲ," ಎಂದ ಮಾವ ಯುನಿಫಾರ್ಮನ್ನು ಬಕೀಟಿನಲ್ಲಿ ಮುಳುಗಿಸಿದರು.

ರವಿವಾರ ಅವಳನ್ನು ಕರೆದೊಯ್ಯಲು ಕಾರ್ಯಕರ್ತರ ಜೀಪು ಬಂತು. ಹಗ್ಗದ ಮೇಲೆ ಯುನಿಫಾರ್ಮು ತೊಟ್ಟಿಕ್ಕುತ್ತಿತ್ತು.

"ಯಾವಾಗ ಒಣಗ್ತದ್ರಿ ಮಾಮಾ?" ಎಂದ ಜೀಪಿನಿಂದಿಳಿದ ಕಾರ್ಯಕರ್ತ.

"ಮಿಲಿಟರಿ ಬಟ್ಟಿ ಅದ. ಆರ್ಡರ್ ಬರೂತನ ಒಣಗಂಗಿಲ್ಲ!"

ಆದರೆ ಆ ಬಿಸಿಲು ಕೇಳಬೇಕಲ್ಲ! ಜೀಪಿನವರು ಚಹಾ ಕುಡಿದು ಬರುವಷ್ಟರಲ್ಲಿ ತೋಳು ಒಣಗಿತ್ತು. ಮಾವ "ಸಾಬೂನು ಉಳದದ" ಎಂದು ಒಂದು ತಂಬಿಗೆ ನೀರು ಸುರಿದರು. ಮತ್ತೆ ಬಂದಾಗ, "ಕಾಗಿ ಹೊಲಸ ಮಾಡ್ಯದ" ಎಂದು ಇನ್ನೊಂದು ತಂಬಿಗೆ!

"ಸೀರಿ ಉಟಗೊಂಡರೇ ಬರ್ಲಿ ಬಿಡ್ರಿ," ಎಂದ ಒಬ್ಬ.

"ಸೀರ್ಯಾಗ ಬಂದ್ರ ಮಿಲಿಟರಿ ಅಂತ ಯಾರಿಗಿ ಗೊತ್ತಾಗ್ತದಲೇ?" ಎಂದು ಇನ್ನೊಬ್ಬ ಗದರಿದ.

"ಅಂದ್ರ ನಿಮಗ ಹುಡುಗಿ ಬ್ಯಾಡ, ಬಟ್ಟಿ ಬೇಕು?" ಮಾವ ಮೆಲ್ಲಗೆ ಕೇಳಿದರು.

ಜೀಪು ಖಾಲಿ ಹೋಯಿತು.

ಮಗಳ ತರಬೇತಿಯ ಕೊನೆಯ ಪರೇಡಿನ ದಿನ ಮಾವ ಆಸ್ಪತ್ರೆಯಲ್ಲಿದ್ದರು. ಅವಳನ್ನು ಯುನಿಫಾರ್ಮಿನಲ್ಲಿ ಎದುರಿಗೆ ನೋಡಿರಲೇ ಇಲ್ಲ. ಜೀಪು ಹೋದ ಆ ರವಿವಾರ ಸಂಜೆ, ಮನೆಯವರಷ್ಟೇ ಇದ್ದಾಗ, ಬಾಗಿಲು ಹಾಕಿ ಅವಳು ಅದೇ ಹಸಿ ಬಟ್ಟೆ ತೊಟ್ಟು ಬಂದು ನಿಂತಳು.

"ನೋಡ್ರಿ ಅಪ್ಪಾ."

ಮಾವ ಎದ್ದು ಅವಳ ಕಾಲರು ಸರಿಮಾಡಿದರು. ಕೈ ಅಲ್ಲೇ ಉಳಿಯಿತು.

"ಥಂಡಿ ಹತ್ತೀತವ್ವ, ತೆಗಿ," ಎಂದರು.

ಗುರುವಾರ ಅವಳು ಕಲಬುರಗಿಯಲ್ಲಿ ರೈಲು ಹತ್ತಿದಳು. ಕಾಯಂ ಆದೇಶ ಇನ್ನೂ ಬಂದಿಲ್ಲ.