ಖಾಲಿ ತರಬ್ಯಾಡ್ರಿ

ಕೊಲಂಬೊ ಹೋಟೆಲಿನ ಗೋಡೆಯಲ್ಲಿ ಮೂರು ತೂತುಗಳಿದ್ದವು. ಮೂರೂ ಚೌಕ. ಪಂಪಣ್ಣನ ಕೈಯಲ್ಲಿದ್ದ ಚಾರ್ಜರಿಗೆ ಎರಡೇ ಕಾಲು, ಎರಡೂ ದುಂಡು. ಅವನು ನೆಲಕ್ಕೆ ಕೂತು, ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ತೂತಿಗೆ ಹಚ್ಚಿದ್ದ.

"ಒಳಗೇನು ಹಾವು ಅದ ಏನ್ರಿ?" ಮಂಚದ ಮೇಲಿಂದ ಮಹೇಶಕುಮಾರ ಕೇಳಿದ.

"ಮ್ಯಾಲಿನ ತೂತು ಯಾಕ ದೊಡ್ಡದು ಮಾಡ್ಯಾರ ಅಂತ ನೋಡಾಕತ್ತೇನಿ."

ಪಂಪಣ್ಣನದು ಶಹಾಪುರದಲ್ಲಿ ಬೀಜ-ಗೊಬ್ಬರದ ಅಂಗಡಿ. ಹತ್ತಿ ಬೀಜ ಜಾಸ್ತಿ ಮಾರಿದ್ದಕ್ಕೆ ಕಂಪನಿಯವರು ಅವನನ್ನು ಲಂಕೆಗೆ ಕರೆತಂದಿದ್ದರು. ಜೊತೆಗೆ ಯಾದಗಿರಿಯ ಮಹೇಶಕುಮಾರ, ಸುರಪುರದ ಅಬ್ದುಲ್ ಕರೀಮ ಮತ್ತು ಒಂದು ಬಸ್ಸು ತುಂಬ ಅಂಗಡಿಕಾರರು. ಇವತ್ತು ಕೊನೆಯ ದಿನ.

ಇವತ್ತೇ ಸಂಜೆ ಐದಕ್ಕೆ ಅವನ ಮಗಳು ಸೌಭಾಗ್ಯಳನ್ನು ನೋಡಲು ಗಂಡಿನವರು ಬರುವವರಿದ್ದರು. ಅಪ್ಪ ವಿಡಿಯೋ ಕಾಲಿನಲ್ಲಿ ಮಾತಾಡುವುದೆಂದು ಠರಾವಾಗಿತ್ತು. ಹೊರಡುವಾಗ ಸೌಭಾಗ್ಯ ಒಂದೇ ಮಾತು ಹೇಳಿದ್ದಳು: "ಅಪ್ಪಾ, ಬಿ.ಎಡ್. ಮುಗಿಯೋ ಮಟ ಲಗ್ನ ಇಲ್ಲಂತ ನೀನೇ ಹೇಳ್ಬೇಕು. ದೊಡ್ಡಪ್ಪಗ ಬಿಟ್ರ ಚಾ ಆರೋದ್ರಾಗ ತಾರೀಖು ಹಿಡಿದುಬಿಡ್ತಾನ."

ಅದಕ್ಕೆಂದೇ ಪಂಪಣ್ಣ ಪಕ್ಕದ ಮನೆಯ ಉಮೆಸಲ್ಮಾಳ ಪವರ್ ಬ್ಯಾಂಕ್ ಇಸಿದುಕೊಂಡು ಬಂದಿದ್ದ. ಅವಳು ಮೆಕ್ಕಾಕ್ಕೆ ಉಮ್ರಾ ಯಾತ್ರೆ ಹೋದಾಗ ಕೊಂಡದ್ದು. "ತುಂಬಿ ಕೊಟ್ಟೀನಿ ಅಣ್ಣಾರ, ತುಂಬಿ ತಂದುಕೊಡ್ರಿ" ಎಂದಿದ್ದಳು. ಆ ಓಣಿಯಲ್ಲಿ ಒಯ್ದ ಡಬ್ಬಿಯನ್ನು ಖಾಲಿ ತಿರುಗಿಸುವ ರೂಢಿಯಿಲ್ಲ. ಏನೂ ಇಲ್ಲದಿದ್ದರೆ ಚಿಟಿಕೆ ಸಕ್ಕರೆಯನ್ನಾದರೂ ಹಾಕಿ ಕೊಡಬೇಕು. ಪವರ್ ಬ್ಯಾಂಕಿಗೆ ಸಕ್ಕರೆ ಹಾಕಲು ಬರುವುದಿಲ್ಲ.

ಬಂದ ದಿನದಿಂದ ಜೊತೆಯವರ ಫೋನುಗಳೆಲ್ಲ ಅದನ್ನೇ ಕುಡಿದು ಬದುಕಿದ್ದವು. ಕೇಳಿದವರಿಗೆ ಇಲ್ಲ ಎನ್ನುವುದು ಪಂಪಣ್ಣನಿಗೆ ಹುಟ್ಟಾ ಬಂದಿರಲಿಲ್ಲ. ಈಗ ಅದರ ನಾಲ್ಕೂ ನೀಲಿ ದೀಪ ಸತ್ತಿದ್ದವು. ಅವನ ಹಳೆಯ ಫೋನಿನಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಜೀವವಿತ್ತು.

ಕರೀಮ ಕೆಳಗಿನ ಕೌಂಟರಿಗೆ ಹೋಗಿ, ಕೈಸನ್ನೆ ಮಾಡಿ ಮಾಡಿ ಒಂದು ಅಡಾಪ್ಟರ್ ಇಸಿದುಕೊಂಡು ಬಂದ. ಚೌಕ ತೂತಿನಲ್ಲಿ ಅಡಾಪ್ಟರ್, ಅದರಲ್ಲಿ ದುಂಡು ಕಾಲಿನ ಚಾರ್ಜರ್, ಅದರ ತುದಿಗೆ ಪವರ್ ಬ್ಯಾಂಕ್. ನೀಲಿ ದೀಪ ಮಿಣುಕಿತು. ಮೂವರೂ ಖುಷಿಯಾಗಿ, ಬಾಗಿಲ ಕಾರ್ಡು ತೆಗೆದುಕೊಂಡು, ಕೀಲಿ ಹಾಕಿ ನಾಷ್ಟಾಕ್ಕೆ ಹೋದರು. ಬಟ್ಟಲಿನಂಥ ದೋಸೆಗಳನ್ನು ಹೊಟ್ಟೆ ಬಿರಿಯ ತಿಂದು ಬಂದು ನೋಡಿದರೆ ದೀಪವೇ ಇಲ್ಲ.

ಕೋಣೆ ಗುಡಿಸಲು ಬಂದ ಹೆಂಗಸು ನಗುತ್ತ ಗೋಡೆಯ ಸೀಳು ತೋರಿಸಿದಳು. ಅದರಲ್ಲಿ ಕಾರ್ಡು ಇದ್ದರೆ ಕೋಣೆಗೆ ಕರೆಂಟು, ತೆಗೆದರೆ ಇಲ್ಲ.

"ನಮ್ಮ ಸುರಪುರದಾಗ ಕರೆಂಟ್ ತೆಗೀಬೇಕಂದ್ರ ಲೈನ್‌ಮನ್ ಕಂಬ ಹತ್ತಬೇಕು," ಎಂದ ಕರೀಮ. "ಇಲ್ಲಿ ನಾವೇ ತಗದು ಕಿಸೇದಾಗ ಇಟ್ಕೊಂಡು ದ್ವಾಸಿ ತಿನ್ನಾಕ ಹೋಗೇವಿ."

ಪಂಪಣ್ಣನಿಗೆ ಚಿಂತೆ ಮರೆತೇಹೋಯಿತು. ಕಾರ್ಡು ಹಾಕಿದ, ತೆಗೆದ, ಮತ್ತೆ ಹಾಕಿದ. ಆಮೇಲೆ ತನ್ನ ಆಧಾರ್ ಕಾರ್ಡನ್ನು ತುರುಕಿ ನೋಡಿದ. ಕೋಣೆಯ ದೀಪಗಳೆಲ್ಲ ಹತ್ತಿದವು.

"ಆಧಾರ್ ಇಲ್ಲೂ ನಡೀತದ್ರೀ," ಎಂದ ಬೆರಗಿನಿಂದ. ಇನ್ನೂ ಯಾವ ಯಾವ ಕಾರ್ಡು ನಡೆಯುತ್ತವೆಂದು ಪಾಕೀಟು ಬಿಚ್ಚುವಷ್ಟರಲ್ಲಿ ಬಸ್ಸಿನ ಹಾರ್ನ್ ಕೇಳಿತು. ಗಂಟುಮೂಟೆ ಕಟ್ಟಿ, ಅಡಾಪ್ಟರನ್ನು ಕೌಂಟರಿಗೆ ಒಪ್ಪಿಸಿ ಓಡಿದರು. ಬಸ್ಸು ಊರೆಲ್ಲ ತೋರಿಸಿ ಸಂಜೆ ಸೀದಾ ವಿಮಾನಕ್ಕೆ ಬಿಡುವುದಿತ್ತು.

"ಪೂರಾ ಖಾಲಿ ಅಂಬೋದು ಇರಂಗಿಲ್ಲ," ಬಸ್ಸಿನಲ್ಲಿ ಮಹೇಶಕುಮಾರ ಹೇಳಿದ. ಒಮ್ಮೆ ನೇಪಾಳಕ್ಕೆ ಹೋಗಿ ಬಂದವನಾದ್ದರಿಂದ ಅವನ ಮಾತಿಗೆ ತೂಕವಿತ್ತು. "ಎಣ್ಣಿ ಡಬ್ಬಿ ಬೋರಲು ಹಾಕಿದ್ರ ಹನಿ ಬೀಳ್ತದಿಲ್ಲ? ಫೋನಿಗೆ ಹಚ್ಚಿ ಇಡ್ರಿ."

"ವೈರಿನ ಯಾವ ತುದಿ ಯಾವುದಕ್ಕ?"

"ಎರಡೂ ಒಂದೇ ಥರ ಅದಾವ. ಹೆಂಗರ ಹಚ್ಚ್ರಿ."

ಹಚ್ಚಿದ. ಪವರ್ ಬ್ಯಾಂಕಿನ ಮೊದಲ ದೀಪ ಮಿಣುಕತೊಡಗಿತು. ಮಧ್ಯಾಹ್ನದ ಊಟದ ಹೊತ್ತಿಗೆ ಅದು ಗಟ್ಟಿಯಾಗಿ ನಿಂತು, ಎರಡನೆಯದು ಮಿಣುಕಿತು.

"ಫೋನಿಗೆ ಕೊಟ್ಟಷ್ಟೂ ಇದು ಹೆಚ್ಚಾಗಾಕತ್ತಾದಲ್ಲ, ಅದು ಹ್ಯಾಂಗ?" ಪಂಪಣ್ಣ ಕೇಳಿದ.

"ಕೊಡೋ ಕೈ ಬರಿದಾಗಂಗಿಲ್ಲ ಸಾವ್ಕಾರ," ಎಂದ ಕರೀಮ.

ಅದೇ ನಂಬಿಕೆಯಲ್ಲಿ ಪಂಪಣ್ಣ ಎರಡನ್ನೂ ಚೀಲದಲ್ಲಿಟ್ಟು ಆನೆ ನೋಡಿದ, ಗುಡಿ ನೋಡಿದ. ಐದಕ್ಕೆ ಸ್ವಲ್ಪ ಮೊದಲು ಸಮುದ್ರದ ದಂಡೆಯಲ್ಲಿ ಫೋನು ತೆಗೆದರೆ ಹಂಚಿನ ತಳದಂತೆ ಕಪ್ಪಾಗಿತ್ತು.

ಕರೀಮ ಎರಡನ್ನೂ ಕೈಯಲ್ಲಿ ಹಿಡಿದು ಹೊರಳಿಸಿ ನೋಡಿದ. "ಆಕಳ ಮೊಲಿ ಕರ ಕುಡೀಬೇಕು ಸಾವ್ಕಾರ. ಇಲ್ಲಿ ಆಕಳೇ ಕರಾನ ಕುಡದಾದ."

"ಒಂದೇ ವೈರಿನಾಗ ಯಾವ ಕಡಿ ಹರೀಬೇಕಂತ ಅದಕ್ಕ ಹೇಳೋರು ಯಾರು?" ಪಂಪಣ್ಣನಿಗೆ ಆಗಲೂ ಅದೇ ಕುತೂಹಲ. ಮಹೇಶಕುಮಾರ ಮಾತ್ರ ಸಮುದ್ರದ ವಿಡಿಯೋ ಮಾಡುವ ನೆವದಲ್ಲಿ ದೂರ ಸರಿದಿದ್ದ.

ಕರೀಮ ಪವರ್ ಬ್ಯಾಂಕಿನ ಪಕ್ಕದ ಗುಂಡಿ ಒತ್ತಿದ. ಹರಿವು ತಿರುಗಿತು, ತುಸು ಹೊತ್ತಿಗೆ ಫೋನು ಕಣ್ಣು ಬಿಟ್ಟಿತು. ಐದು ಹೊಡೆದಿತ್ತು. ಪಂಪಣ್ಣ ಕೂದಲು ತಿದ್ದಿಕೊಂಡು ಹೆಂಡತಿ ಗುರುದೇವಿಗೆ ಫೋನು ಹಚ್ಚಿದ. ಸ್ವಿಚ್ ಆಫ್. ಅಣ್ಣನಿಗೆ ಹಚ್ಚಿದ. ಅದೂ ಸ್ವಿಚ್ ಆಫ್. ಕೊನೆಗೆ ಉಮೆಸಲ್ಮಾ ಎತ್ತಿದಳು.

"ಜಲ್ದಿ ಹೇಳ್ತೀನಿ ಅಣ್ಣಾರ, ನನ್ನ ಫೋನ್ ಸಾಯಾಕತ್ತಾದ. ಗಂಡಿನವರು ಮೂರಕ್ಕೇ ಬಂದು ಹೋದ್ರು. ಕಂಬದ ಮ್ಯಾಲಿನ ಟ್ರಾನ್ಸ್‌ಫಾರ್ಮರ್ ಸುಟ್ಟು ನಿನ್ನಿಯಿಂದ ಓಣಿಗೆ ಕರೆಂಟಿಲ್ಲ, ಎಲ್ಲಾರ ಫೋನ್ ಬಂದ್. ನನ್ನ ಫೋನಿಂದ ನಿಮಗ ಹಚ್ಚಿದ್ರ ನಿಮ್ದೂ ಬಂದ್. ಆ ಪವರ್ ಬ್ಯಾಂಕ್ ಒಂದು ಮನ್ಯಾಗಿದ್ರ ಗುರುದೇವಕ್ಕನ ಫೋನರೆ ನಡೀತಿತ್ತು."

"ಬಿ.ಎಡ್. ಮಾತು ಯಾರು ಹೇಳಿದ್ರವ್ವಾ?"

"ಸೌಭಾಗ್ಯನೇ ಹೇಳಿದ್ಳು. ಚಾ ಕೊಟ್ಟು ಅಲ್ಲೇ ನಿಂತು ಹೇಳಿದ್ಳು. ಅವರು ಒಪ್ಪ್ಯಾರ. ಹಿಂಥಾ ಮಗಳಿದ್ರ ಅಪ್ಪ ಇರಲಿಲ್ಲಂದ್ರೂ ನಡೀತದ ಅಂದ್ರು. ಗುರುದೇವಕ್ಕಾ ಅದನ್ನೇ ಅಂದ್ಕೊಂತ ಓಣಿ ತುಂಬ ಅಡ್ಡಾಡಾಕತ್ತಾಳ."

ಪಂಪಣ್ಣ ಸಮುದ್ರ ನೋಡಿದ.

"ಮತ್ತ ಅಣ್ಣಾರ, ಹೊಸ ಟ್ರಾನ್ಸ್‌ಫಾರ್ಮರ್ ಬರಾಕ ಇನ್ನೂ ವಾರ ಅಂತ. ಪವರ್ ಬ್ಯಾಂಕ್ ಖಾಲಿ ತರಬ್ಯಾಡ್ರಿ. ಪಂಪಣ್ಣೋರು ಲಂಕಾದಿಂದ ತುಂಬಿಸ್ಕೊಂಡು ಬರ್ತಾರಂತ ಓಣಿ ಮಂದಿಗೆಲ್ಲಾ ಹೇಳೀನಿ." ಅಷ್ಟಕ್ಕೆ ಅವಳ ಫೋನು ಸತ್ತಿತು.

ಬಸ್ಸು ಹೊರಟಿತು. ಹೊತ್ತು ಮುಳುಗಿತು. ಕತ್ತಲಾದ ಮೇಲೆ ಧೈರ್ಯ ಬಂದು ಮಹೇಶಕುಮಾರ ಪಕ್ಕಕ್ಕೆ ಬಂದು ಕೂತ. "ಸಮುದ್ರದ ವಿಡಿಯೋ ಮಾಡಿ ನನ್ನ ಬ್ಯಾಟರಿ ಕೆಂಪಾಗ್ಯಾದರಿ. ಪವರ್ ಬ್ಯಾಂಕ್ ಸ್ವಲ್ಪ ಕೊಡ್ರಿ."

"ಕೊಡಂಗಿಲ್ಲ," ಎಂದ ಪಂಪಣ್ಣ, ಜನ್ಮದಲ್ಲಿ ಮೊದಲ ಸಲ.

"ಯಾಕ್ರಿ?"

"ದೀಪ ಹಚ್ಚೋ ಹೊತ್ತಿನಾಗ ಹೆಪ್ಪು, ಉಪ್ಪು ಕೊಡಬಾರದು."

ಕರೀಮ ಬಗ್ಗಿ ಪಂಪಣ್ಣನ ತೊಡೆಯ ಮೇಲಿದ್ದುದನ್ನು ನೋಡಿದ. ವೈರು ಹಚ್ಚಿದ್ದು ಹಚ್ಚಿದಂತೇ ಇತ್ತು. ದಂಡೆಯಿಂದ ಇಲ್ಲಿಯವರೆಗೆ ಫೋನು ತನ್ನದನ್ನೆಲ್ಲ ವಾಪಸು ಕುಡಿದು ಮುಗಿಸಿತ್ತು. "ಇಲ್ಲ ಅನ್ನಾಕ ಅದರಾಗ ಏನರೆ ಇರಬೇಕಲ್ಲ ಸಾವ್ಕಾರ," ಎಂದ.

ವಿಮಾನ ನಿಲ್ದಾಣದ ಗೋಡೆಯಲ್ಲಿ ಮೂರು ತೂತುಗಳಿದ್ದವು. ಮೂರೂ ಚೌಕ. ಅಡಾಪ್ಟರ್ ಹೋಟೆಲಿನ ಕೌಂಟರಿನಲ್ಲಿತ್ತು. ಪಂಪಣ್ಣ ನೆಲಕ್ಕೆ ಕೂತು, ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಮೇಲಿನ ತೂತಿಗೆ ಹಚ್ಚಿದ.